ಕಾಂಗ್ರೆಸ್ ಕಳೆ ಮತ್ತು ಚರ್ಮದ ಬೇನೆ

ಮಳೆಗಾಲದಲ್ಲಿ ಚಾಣಕ್ಯಪುರಿಯಂತಹ ಹಸುರು ಬಡಾವಣೆಗಳಲ್ಲಿ ಪ್ರಾತಃಸಂಚಾರ ಮಾಡುವ ನಡುವಯಸ್ಕರಲ್ಲಿ ಕೆಲವರಿಗೆ ಕಣ್ಣರೆಪ್ಪೆ, ಕತ್ತು, ಮೊಣಕೈ ಮಡಿಕೆಗಳಲ್ಲಿ ಅಸಾಧ್ಯ ತುರಿಕೆ ಏಳುವುದುಂಟು. ಬಿಸಿಲಿನ ದೋಷವೆಂದೋ ಬದನೆಕಾಯಿಯ ನಂಜೆಂದೋ ಭಾವಿಸಿ ಪಥ್ಯ ಹಿಡಿಯುವವರು ಅನೇಕರು. ಆದರೆ ಕಾರಣ ಹಲವು ವೇಳೆ ರಸ್ತೆಯ ಬದಿಯಲ್ಲೇ ಇರುತ್ತದೆ.

ಅದೇ ಪಾರ್ಥೇನಿಯಂ, ಕನ್ನಡಿಗರ ಕಾಂಗ್ರೆಸ್ ಕಳೆ, ದೆಹಲಿಯವರ ಗಾಜರ್ ಘಾಸ್. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಈ ಅಮೆರಿಕಾ ಮೂಲದ ಸಸ್ಯವು ದೇಶವನ್ನೆಲ್ಲ ವ್ಯಾಪಿಸಿತು. ಇದನ್ನು ಹತ್ತಿಕ್ಕಲು 1984ರಲ್ಲಿ ಬೆಂಗಳೂರಿನಲ್ಲಿ ಮೆಕ್ಸಿಕೊದ ಜೀರುಂಡೆಗಳನ್ನು ಬಿಡಲಾಯಿತು.

ಸಸ್ಯದಲ್ಲಿರುವ ಪಾರ್ಥೆನಿನ್ ಎಂಬ ದ್ರವ್ಯವು ಒಣಪುಡಿಯೊಡನೆ ಗಾಳಿಯಲ್ಲಿ ತೇಲಿಬಂದು ಚರ್ಮಕ್ಕೆ ತಗಲುತ್ತದೆ. ವರ್ಷಗಟ್ಟಲೆ ಏನೂ ಆಗದಿದ್ದವರಿಗೂ ಒಮ್ಮೆ ಅಲರ್ಜಿ ಅಂಟಿತೆಂದರೆ ಸುಲಭವಾಗಿ ಬಿಡದು. ಬೆನ್ನಿಗೆ ಪಟ್ಟಿ ಅಂಟಿಸಿ, 48 ಗಂಟೆಗಳ ನಂತರ ತೆಗೆದು ನೋಡುವ ಪರೀಕ್ಷೆಯಿಂದ ನಿಜಾಂಶ ತಿಳಿಯುತ್ತದೆ.

ಸ್ಟಿರಾಯ್ಡ್ ಮುಲಾಮು ಬೇಗನೆ ಶಮನ ನೀಡುತ್ತದೆ, ಅಪಾಯವಿರುವುದೂ ಅಲ್ಲಿಯೇ. ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗಿ, ಬಿಟ್ಟೊಡನೆ ಕೆಂಪು, ಉರಿಗಳು ಮರುಕಳಿಸುತ್ತವೆ. ಸ್ಟಿರಾಯ್ಡ್ ಮಾತ್ರೆಗಳನ್ನು ದೀರ್ಘಕಾಲ ಸೇವಿಸಿದರೆ ಸಕ್ಕರೆ, ರಕ್ತದೊತ್ತಡಗಳು ಏರಬಹುದು. ಅವನ್ನು ತಟ್ಟನೆ ನಿಲ್ಲಿಸುವುದೂ ಅಪಾಯಕರ. ಹಳೆಯ ಬೇನೆಗೆ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ತಜ್ಞರು ಅಜಾಥಯೊಪ್ರಿನ್ ಪ್ರಯೋಗಿಸಿ ಉತ್ತಮ ಫಲ ಕಂಡಿದ್ದಾರೆ. ಆದರೆ ಅದು ಬಿಳಿ ರಕ್ತಕಣಗಳನ್ನು ಕುಗ್ಗಿಸಬಹುದಾದ್ದರಿಂದ ನಿಯತವಾದ ರಕ್ತಪರೀಕ್ಷೆ ಅನಿವಾರ್ಯ.

ತುಂಬುತೋಳಿನ ಉಡುಪು, ಮನೆಗೆ ಬಂದೊಡನೆ ಸ್ನಾನ, ಕಳೆಯನ್ನು ಬರಿಗೈಯಿಂದ ಮುಟ್ಟದಿರುವುದು, ಇವು ಖರ್ಚಿಲ್ಲದ ರಕ್ಷಣೆಗಳು. ಔಷಧಿಯನ್ನು ಮಾತ್ರ ವೈದ್ಯರೇ ನಿರ್ಧರಿಸಲಿ.