ಮೂರೇ ಸಾಮಾನು, ತಟ್ಟೆ ತುಂಬ ರೋಮ್

ಪಾಸ್ತಾ, ಚೀಸ್, ಕಾಳುಮೆಣಸು. ಇಷ್ಟೇ. ಬೆಣ್ಣೆ ಇಲ್ಲ, ಕೆನೆ ಇಲ್ಲ, ಬೆಳ್ಳುಳ್ಳಿನೂ ಇಲ್ಲ. ರೋಮ್‌ನವರ 'ಕಾಚೊ ಎ ಪೆಪೆ' ಇದು, ನನಗೆ ಪ್ರಾಣ.

ಮೊದಲ ಸಲ ತಿಂದಿದ್ದು ಟೆಸ್ಟಾಚ್ಚೊ ಬಡಾವಣೆಯ ಒಂದು ಟ್ರಟ್ಟೋರಿಯಾದಲ್ಲಿ. ಮನೆಯವರೇ ನಡೆಸೋ ಊಟದ ಹೋಟೆಲ್ಲು, ನಮ್ಮ ಖಾನಾವಳಿ ಥರ.

ಹಾಗಾದ್ರೆ ಅಷ್ಟು ನುಣುಪಾದ ಸಾಸ್ ಎಲ್ಲಿಂದ ಬರುತ್ತೆ? ಪಾಸ್ತಾ ಬೆಂದ ನೀರಿಂದ! ಅನ್ನ ಬಸಿದ ಗಂಜಿ ಹೇಗಿರುತ್ತೋ ಹಾಗೆ ಆ ನೀರಲ್ಲೂ ಪಿಷ್ಟ ಇಳಿದಿರುತ್ತೆ. ತುರಿದ ಪೆಕೊರೀನೊ ರೊಮಾನೊಗೆ, ಅಂದ್ರೆ ಕುರಿ ಹಾಲಿನ ಚೀಸ್‌ಗೆ, ಅದನ್ನ ಸ್ವಲ್ಪಸ್ವಲ್ಪವೇ ಹಾಕಿ ಕಲಸಬೇಕು. ಉರಿ ಆರಿಸಿಬಿಡಿ. ಬಿಸಿ ಜಾಸ್ತಿಯಾದ್ರೆ ಚೀಸ್ ಗಂಟು ಕಟ್ಟುತ್ತೆ, ಜಿಡ್ಡು ಬೇರೆಯಾಗುತ್ತೆ. ಹದ ಸಿಕ್ತು ಅಂದ್ರೆ ಒಂದೊಂದು ಎಳೆಗೂ ಸಾಸ್ ಅಂಟಿಕೊಂಡು ಹೊಳೆಯುತ್ತೆ.

ಮೆಣಸನ್ನ ನುಣ್ಣಗೆ ಮಾಡಬೇಡಿ. ತರಿತರಿಯಾಗಿ ಕುಟ್ಟಿ, ಘಮ್ಮನ್ನೋ ತನಕ ಹುರೀರಿ. ಆ ಘಮಕ್ಕೇ ನನಗೆ ಮಲೆನಾಡಿನ ಅಂಗಳ ನೆನಪಾಗಿದ್ದು, ಚಾಪೆ ಮೇಲೆ ಒಣಗ್ತಿದ್ದ ಮೆಣಸು. ನಮ್ಮ ಕಡೆಯ ಮೆಣಸಿಗೂ ರೋಮ್‌ಗೂ ನಂಟು ಹಳೇದು. ಸುಮಾರು 2,000 ವರ್ಷದ ಹಿಂದೇನೇ ಮಲಬಾರ್ ಕರಾವಳಿಯ ಮೆಣಸು ಹಡಗು ಹತ್ತಿ ರೋಮ್‌ಗೆ ಹೋಗ್ತಿತ್ತು. ಚಕ್ರವರ್ತಿ ಡೊಮಿಷಿಯನ್ ಅದಕ್ಕಂತಲೇ ಉಗ್ರಾಣ ಕಟ್ಟಿಸಿದ್ದ.

ಹೋಟೆಲಿನ ಅಜ್ಜಿ ತಟ್ಟೆ ಇಟ್ಟು, ಕೈಸನ್ನೆಯಲ್ಲೇ 'ಬೇಗ ತಿನ್ನು' ಅಂದ್ರು. ಆರಿದ್ರೆ ಗಟ್ಟಿಯಾಗಿಬಿಡುತ್ತೆ. ಮಾತಿಲ್ಲದೆ ತಿಂದೆ. ತಳದಲ್ಲಿ ಉಳಿದಿದ್ದ ಮೆಣಸಿನ ತರಿನೂ ಬಿಡದೆ ಬ್ರೆಡ್ ತುಂಡಲ್ಲಿ ಒರೆಸಿಕೊಂಡೆ. ಅಜ್ಜಿ ನಕ್ಕು, ಇನ್ನೊಂದು ತುಂಡು ತಂದಿಟ್ಟರು.