ಕ್ಯಾನ್ಸರ್ ಇರೋ ಮಗುವಿಗೆ, ಮನೆಯವರಿಗೆ ಒಂದು ಸೂರು

ಮಗುವಿಗೆ ಕ್ಯಾನ್ಸರ್ ಅಂತ ಊರು ಬಿಟ್ಟು ಮುಂಬೈಗೆ ಬಂದಿದ್ದೀರಿ.
ಚಿಕಿತ್ಸೆ ತಿಂಗಳುಗಟ್ಟಲೆ.
ಅಷ್ಟು ದಿನ ರಾತ್ರಿ ಮಲಗೋದೆಲ್ಲಿ?

ಪರೇಲ್‌ನ ಟಾಟಾ ಮೆಮೋರಿಯಲ್ ಆಸ್ಪತ್ರೆ ಹೊರಗೆ
ಎಷ್ಟೋ ಕುಟುಂಬಗಳಿಗೆ ಫುಟ್‌ಪಾತೇ ಗತಿ.

ಅಪಾಯ ಇರೋದು ಇಲ್ಲೇ.
ಕೀಮೋ ಕೊಟ್ಟಾಗ ಬಿಳಿ ರಕ್ತಕಣ ಕಮ್ಮಿಯಾಗುತ್ತೆ.
ಆಗ ಸಣ್ಣ ಸೋಂಕೂ ಜೀವಕ್ಕೆ ಕುತ್ತು.
ಖರ್ಚು ತಾಳದೆ ಅರ್ಧಕ್ಕೇ ಊರಿಗೆ ಹೊರಟವರೂ ಇದ್ದಾರೆ.

ಆದ್ರೆ ಚಿಕಿತ್ಸೆ ಅಂದ್ರೆ ತುಂಬಿದ ಹೊಳೆ ದಾಟೋ ದೋಣಿ.
ನಡುನೀರಲ್ಲಿ ಇಳಿಯೋ ಹಾಗಿಲ್ಲ.

ಅದಕ್ಕೇ 2006ರಲ್ಲಿ
ಶ್ಯಾಮಾ ಮತ್ತು ನಿಹಾಲ್ ಕವಿರತ್ನೆ ದಂಪತಿ
ಮುಂಬೈಯಲ್ಲಿ ಶುರು ಮಾಡಿದ್ರು,
ಸೇಂಟ್ ಜೂಡ್ ಇಂಡಿಯಾ ಚೈಲ್ಡ್‌ಕೇರ್ ಸೆಂಟರ್ಸ್.

ಇಲ್ಲಿಗೆ ಬಂದ ಪ್ರತಿ ಕುಟುಂಬಕ್ಕೂ ಇರೋಕೆ ಸ್ವಚ್ಛವಾದ ಜಾಗ.
ಬಾಡಿಗೆ ಇಲ್ಲ.
ರೇಷನ್, ಆಸ್ಪತ್ರೆಗೆ ಹೋಗಿಬರೋ ವ್ಯವಸ್ಥೆ, ಧೈರ್ಯ ತುಂಬೋ ಕೌನ್ಸೆಲರ್.

ಅಡುಗೆಮನೆ ಎಲ್ಲರಿಗೂ ಒಂದೇ. ಒಲೆ ಮಾತ್ರ ಅವರವರದು.
ಒಬ್ಬ ಅಮ್ಮ ಅನ್ನ ಬಸಿತಾರೆ, ಪಕ್ಕದಲ್ಲೇ ಇನ್ನೊಬ್ಬರು ರೊಟ್ಟಿ ಸುಡ್ತಾರೆ.
ಬಾಯಿ ಕೆಟ್ಟ ಮಗುವಿಗೆ ತನ್ನಮ್ಮನ ಕೈರುಚಿಯೇ ಸಿಗುತ್ತೆ.
ಪಾಠಕ್ಕೆ, ಆಟಕ್ಕೆ ಸ್ವಯಂಸೇವಕರೂ ಜೊತೆಯಾಗ್ತಾರೆ.

ಔಷಧಿ ಡಾಕ್ಟರ್ ಕೊಡ್ತಾರೆ.
ಉಳಿದದ್ದಕ್ಕೆ ನಾವು ಕೈ ಜೋಡಿಸಬಹುದು.
ನಿಮ್ಮ ಹತ್ತಿರದ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ,
ಅಲ್ಲಿನ ಸಮಾಜ ಕಾರ್ಯಕರ್ತರನ್ನ ಕಂಡು,
ಮಕ್ಕಳ ಮನೆಯವರಿಗೆ ಏನು ಬೇಕು ಅಂತ ಕೇಳಿ.
ಈ ವಾರವೇ ಕೇಳಿ.