ಅಳತೆ ಉಳಿದರೆ ನೆನಪೂ ಉಳಿದೀತು

ವಯಸ್ಸಾದವರು ಕೂತು ಪುಟ್ಟ ರೈಲು, ಪುಟ್ಟ ಗಾಡಿ ಮಾಡುವುದನ್ನು ಕಂಡರೆ ನಮ್ಮ ಸಮಾಜ ಒಂದೋ ನಗುತ್ತದೆ, ಇಲ್ಲವೇ ಕನಿಕರಪಡುತ್ತದೆ. ಐವತ್ತು ವರ್ಷಗಳಿಂದ ಈ ಎರಡನ್ನೂ ಸಮಾನವಾಗಿ ಸ್ವೀಕರಿಸಿದವನು ನಾನು. ‘ಮೇಷ್ಟ್ರೇ, ಮೊಮ್ಮಗನಿಗಾ?’ ಎಂಬ ಪ್ರಶ್ನೆಗೆ ಈಗ ಉತ್ತರ ಹೇಳುವುದನ್ನೇ ಬಿಟ್ಟಿದ್ದೇನೆ. ಆದರೆ ಆಟಿಕೆಗೂ ಅಳತೆಗೆ ತಕ್ಕಂತೆ ಮಾಡಿದ ಮಾದರಿಗೂ ಇರುವ ಅಂತರವನ್ನು ಒಮ್ಮೆಯಾದರೂ ಹೇಳಲೇಬೇಕು. ಆಟಿಕೆ ಒಂದು ವಸ್ತುವನ್ನು ಹೋಲಿದರೆ ಸಾಕು. ಮಾದರಿ ಆ ವಸ್ತುವಿನ ಪರವಾಗಿ ಸಾಕ್ಷಿ ನುಡಿಯಬೇಕು.

ಇದು ನನ್ನ ಹವ್ಯಾಸಕ್ಕೆ ನಾನೇ ಕಟ್ಟಿಕೊಂಡ ಹಿರಿಮೆಯಲ್ಲ. ಕೃಷ್ಣರಾಜಸಾಗರದಲ್ಲಿರುವ ಕರ್ನಾಟಕ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರದಲ್ಲಿ ಅಣೆಕಟ್ಟುಗಳ ಕಿರುಮಾದರಿಗಳನ್ನು ಕಟ್ಟಿ, ಅವುಗಳ ಮೇಲೆ ನೀರು ಹರಿಸಿ ಪರೀಕ್ಷಿಸುತ್ತಾರೆ. ಇನ್ನೂ ಹಿಂದಕ್ಕೆ ಹೋಗುವುದಾದರೆ, ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿಯೇ 1246ರಲ್ಲಿ ಕಟ್ಟಿದ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯವಿದೆ. ಹೊಯ್ಸಳರ ಗುಡಿಗಳ ಹೊರಗೋಡೆಗಳಲ್ಲಿ ಅರೆಗಂಬಗಳ ನೆತ್ತಿಯ ಮೇಲೆ ಅಂಗೈಯಗಲದ ಶಿಖರಗಳನ್ನು ಕಡೆದಿರುವುದನ್ನು ಅನೇಕರು ಬರೀ ಅಲಂಕಾರವೆಂದು ತಿಳಿಯುತ್ತಾರೆ. ಚಾಲುಕ್ಯ ಮತ್ತು ಹೊಯ್ಸಳ ಶಿಲ್ಪಿಗಳು ಹೀಗೆ ಕಡೆದ ಪುಟ್ಟ ಗುಡಿಗಳು ದೇವಾಲಯಗಳ ಬಗೆಗಳನ್ನು ಅಭ್ಯಾಸ ಮಾಡುವ ವಿದ್ವಾಂಸರಿಗೆ ಇಂದಿಗೂ ಆಕರವಾಗಿವೆ.

ನನ್ನ ಊರು ದಂಡಿಗನಹಳ್ಳಿ. ಹಳ್ಳಿಯ ಹುಡುಗರೆಲ್ಲರಂತೆ ನಾನೂ ಜೋಳದ ದಂಟಿನ ಬೆಂಡಿನಿಂದ ಎತ್ತಿನ ಗಾಡಿ ಮಾಡಿದವನು, ಬೆಂಕಿಪೊಟ್ಟಣಗಳನ್ನು ದಾರದಿಂದ ಪೋಣಿಸಿ ರೈಲು ಎಳೆದವನು. ಆಗ ನಮ್ಮ ತಾಲ್ಲೂಕಿಗೆ ರೈಲಿರಲಿಲ್ಲ. ಚನ್ನರಾಯಪಟ್ಟಣದ ಮೂಲಕ ಹಾಸನದಿಂದ ಬೆಂಗಳೂರಿಗೆ ನೇರ ಸಂಚಾರ ಆರಂಭವಾದದ್ದು 2017ರಲ್ಲಿ. ರೈಲು ನೋಡಬೇಕಾದರೆ ಹೊಳೆನರಸೀಪುರಕ್ಕೋ ಹಾಸನಕ್ಕೋ ಹೋಗಬೇಕಿತ್ತು. ಮೈಸೂರು–ಅರಸೀಕೆರೆ ಮಾರ್ಗದ ಆ ಮೀಟರ್ ಗೇಜ್ ಗಾಡಿಗಳೇ ನನ್ನ ಬದುಕಿನ ಗೀಳಾದವು. ಜೊತೆಯ ಹುಡುಗರ ರೈಲು ಬೆಂಕಿಪೊಟ್ಟಣದಲ್ಲೇ ನಿಂತಿತು; ನನ್ನದು ನಿಲ್ಲಲಿಲ್ಲ.

ಈ ಕೆಲಸದ ಲೆಕ್ಕಾಚಾರ ಹೊರಗಿನವರಿಗೆ ವಿಚಿತ್ರವೆನಿಸಬಹುದು. ಲೋಕದಲ್ಲಿ ಹೆಚ್ಚು ಬಳಕೆಯಲ್ಲಿರುವ ರೈಲು ಮಾದರಿಯ ಪ್ರಮಾಣ 1:87. ಸುಮಾರು 21.3 ಮೀಟರ್ ಉದ್ದದ ಬ್ರಾಡ್ ಗೇಜ್ ಬೋಗಿ ಈ ಪ್ರಮಾಣದಲ್ಲಿ 24.5 ಸೆಂ.ಮೀ. ಆಗುತ್ತದೆ. ಉದ್ದ 87 ಪಟ್ಟು ಇಳಿದರೆ ಗಾತ್ರ ಆರೂವರೆ ಲಕ್ಷ ಪಟ್ಟು ಇಳಿಯುತ್ತದೆ. ಆದ್ದರಿಂದಲೇ ಮಾದರಿಯ ಎಂಜಿನ್ನಿಗೆ ನಿಜವಾದ ಎಂಜಿನ್ನಿನ ಗಾಂಭೀರ್ಯದ ಓಟ ಬರುವುದಿಲ್ಲ. ಒಳಗೆ ಸೀಸದ ತುಂಡು ಇಟ್ಟು ಭಾರ ಕೂಡಿಸಬೇಕಾಗುತ್ತದೆ. ಬಣ್ಣವೂ ಹಾಗೆಯೇ. ದೊಡ್ಡ ಬೋಗಿಗೆ ಬಳಿದ ಬಣ್ಣವನ್ನೇ ಪುಟ್ಟದಕ್ಕೆ ಬಳಿದರೆ ಕಣ್ಣಿಗೆ ಹೆಚ್ಚು ಗಾಢವಾಗಿ ಕಾಣುತ್ತದೆ. ತುಸು ಬಿಳಿ ಬೆರೆಸಬೇಕು.

ಹಳಿಯದು ಇನ್ನೊಂದು ತೊಡಕು. ಮಾರುಕಟ್ಟೆಯಲ್ಲಿ ಸಿಗುವ ಹಳಿಯ ಅಗಲ 16.5 ಮಿ.ಮೀ.; ಅದು ಯೂರೋಪಿನ 1435 ಮಿ.ಮೀ. ಗೇಜಿಗೆ ಹೊಂದುವಂಥದು. ನಮ್ಮ ಬ್ರಾಡ್ ಗೇಜ್ 1676 ಮಿ.ಮೀ.; ಅದಕ್ಕೆ ಬೇಕಾದ ಹಳಿಯ ಅಗಲ 19.3 ಮಿ.ಮೀ. ಅಂದರೆ ಭಾರತದ ರೈಲನ್ನು ಪ್ರಾಮಾಣಿಕವಾಗಿ ಓಡಿಸಬೇಕೆಂದರೆ ಹಳಿಯನ್ನೂ ಕೈಯಲ್ಲೇ ಹಾಸಬೇಕು. ಮೀಟರ್ ಗೇಜಿನವರು ಸ್ವಲ್ಪ ಅದೃಷ್ಟವಂತರು. ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲುಗಳ ಮಾದರಿಗೆಂದು ತಯಾರಾಗುವ 12 ಮಿ.ಮೀ. ಹಳಿ ನಮ್ಮ ಲೆಕ್ಕದ 11.5ಕ್ಕೆ ಬಹಳ ಹತ್ತಿರ.

ಇದನ್ನೆಲ್ಲ ನಾನು ಬಹುಕಾಲ ಒಬ್ಬನೇ ಮಾಡಿದೆ. ನಿವೃತ್ತಿಯ ನಂತರ ಇದೇ ಗೀಳಿನ ಹವ್ಯಾಸಿಗಳ ಬಳಗವೊಂದರ ಪರಿಚಯವಾಯಿತು. ಅಲ್ಲಿ ಬ್ಯಾಂಕಿನಿಂದ ನಿವೃತ್ತರಾದವರಿದ್ದಾರೆ, ರೈಲು ಓಡಿಸಿದವರಿದ್ದಾರೆ, ಎಂಜಿನಿಯರಿಂಗ್ ಓದುವ ಹುಡುಗರಿದ್ದಾರೆ. ನನ್ನ ಕೆಂಗಂದು ಬಣ್ಣದ ಬೋಗಿಯನ್ನು ನೋಡಿ ಅವರಲ್ಲಿ ಒಬ್ಬರೂ ‘ಚೆನ್ನಾಗಿದೆ’ ಎನ್ನಲಿಲ್ಲ. ‘ಇದು ಯಾವ ವರ್ಷದ್ದು?’ ಎಂದು ಕೇಳಿದರು. ಐವತ್ತು ವರ್ಷಗಳಲ್ಲಿ ನನಗೆ ಸಿಕ್ಕ ಅತ್ಯಂತ ಗೌರವದ ಮಾತು ಅದು ಎಂದರೆ ಉತ್ಪ್ರೇಕ್ಷೆಯಲ್ಲ. ನೋಡುವ ಕಣ್ಣು ಇನ್ನೊಂದಿದೆ ಎಂದು ತಿಳಿದಾಗ ಕೈಗೆ ಬರುವ ಹೊಣೆಯೇ ಬೇರೆ.

ಆ ಬಳಗದಲ್ಲಿ ನನಗೆ ಮುಖ್ಯವೆನಿಸಿದ್ದು ಸ್ನೇಹಕ್ಕಿಂತ ಮಿಗಿಲಾದ ಒಂದು ಸಂಗತಿ. ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗವನ್ನೇ ನೋಡಿ. 1979ರಲ್ಲಿ ಪೂರ್ಣಗೊಂಡ ಆ ಮಾರ್ಗ ಗೇಜ್ ಪರಿವರ್ತನೆಗಾಗಿ 1996ರಲ್ಲಿ ಮುಚ್ಚಿತು. ಬ್ರಾಡ್ ಗೇಜಿನಲ್ಲಿ ಸರಕು ಗಾಡಿ 2006ರಲ್ಲಿ, ಪ್ರಯಾಣಿಕರ ಗಾಡಿ 2007ರ ಡಿಸೆಂಬರಿನಲ್ಲಿ ಓಡಿದವು. ಘಾಟಿನ 57 ಸುರಂಗಗಳು ಇಂದಿಗೂ ಇವೆ. ಅವುಗಳೊಳಗೆ ನುಗ್ಗಿ ಬರುತ್ತಿದ್ದ ಮೀಟರ್ ಗೇಜ್ ಗಾಡಿ ಕೇವಲ ಹದಿನೇಳು ವರ್ಷ ಬಾಳಿ ಕಣ್ಮರೆಯಾಯಿತು. ಬೋಗಿಯ ಕಿಟಕಿಯ ಸರಳುಗಳು ಎಷ್ಟು, ನಿಲ್ದಾಣದ ಕೈಮರದ ತೋಳು ಎಷ್ಟು ಉದ್ದ ಎಂಬ ವಿವರಗಳು ಒಬ್ಬನ ಬಳಿ ಇಡಿಯಾಗಿ ಇರುವುದಿಲ್ಲ. ಒಬ್ಬರ ಬಳಿ ಹಳೆಯ ಫೋಟೊ, ಇನ್ನೊಬ್ಬರ ಬಳಿ ಕೈಯಲ್ಲಿ ಅಳೆದು ಬರೆದ ಚೀಟಿ, ಮತ್ತೊಬ್ಬರ ಬಳಿ ನೆನಪು. ಮೂರೂ ಒಂದೇ ಮೇಜಿನ ಮೇಲೆ ಬಂದಾಗಲಷ್ಟೇ ಒಂದು ಬೋಗಿ ಎದ್ದು ನಿಲ್ಲುತ್ತದೆ.

ಮೈಸೂರಿನ ರೈಲು ವಸ್ತುಸಂಗ್ರಹಾಲಯ 1979ರಿಂದ ಹಳೆಯ ಎಂಜಿನ್ನುಗಳನ್ನು, ಮಹಾರಾಣಿಯವರ ಸಲೂನ್ ಬೋಗಿಯನ್ನು ಕಾಪಾಡಿಕೊಂಡು ಬಂದಿದೆ. ಅದು ದೊಡ್ಡ ಉಪಕಾರ. ಆದರೆ ಸಂಗ್ರಹಾಲಯ ಸಹಜವಾಗಿಯೇ ಅಪರೂಪದ್ದನ್ನು ಉಳಿಸುತ್ತದೆ. ನಾವು ಕುಳಿತು ಹೋದ ಮೂರನೇ ದರ್ಜೆಯ ಮರದ ಬೆಂಚು, ಗೇಟಿನವನ ಗುಡಿಸಲು, ನಿಲ್ದಾಣದ ನೀರಿನ ಹಂಡೆ ಇವುಗಳನ್ನು ಉಳಿಸುವವರು ಯಾರು? ಪುಣೆಯಲ್ಲಿ ಭಾವು ಜೋಶಿ ಎಂಬ ಹವ್ಯಾಸಿ ತಮ್ಮ ಕೈಯಾರೆ ಬೆಳೆಸಿದ ಕಿರುರೈಲುಗಳ ಲೋಕ 1998ರಲ್ಲಿ ಸಾರ್ವಜನಿಕ ಸಂಗ್ರಹಾಲಯವೇ ಆಯಿತು. ಎಲ್ಲರಿಗೂ ಆ ಭಾಗ್ಯವಿಲ್ಲ. ಮಾಡಿದವರು ತೀರಿಕೊಂಡ ಮೇಲೆ ಮಾದರಿಗಳು ಅಟ್ಟ ಸೇರುತ್ತವೆ, ಅಟ್ಟದಿಂದ ಗುಜರಿಗೆ ಹೋಗುತ್ತವೆ. ಅವುಗಳೊಂದಿಗೆ ಅಳತೆಯ ಪುಸ್ತಕವೂ ಹೋಗುತ್ತದೆ. ನಮ್ಮ ಬಳಗ ಈಗ ಮಾದರಿಗಿಂತ ಮೊದಲು ಆ ಪುಸ್ತಕವನ್ನು ನಕಲು ಮಾಡಿ ಇಟ್ಟುಕೊಳ್ಳುವ ರೂಢಿ ಬೆಳೆಸಿಕೊಂಡಿದೆ.

ರೈಲಿನ ಮಾತು ಇಲ್ಲಿ ಒಂದು ನೆಪ. ಮರದ ಗಾಲಿಯ ಎತ್ತಿನ ಗಾಡಿ, ಆಲೆಮನೆಯ ಗಾಣ, ತೊಟ್ಟಿಮನೆ, ಕಣದ ರೋಣಗಲ್ಲು ನಮ್ಮ ಸೀಮೆಯಲ್ಲಿ ಒಂದೊಂದಾಗಿ ತೆರೆಮರೆಗೆ ಸರಿಯುತ್ತಿವೆ. ಇವುಗಳನ್ನೆಲ್ಲ ಉಳಿಸಿಕೊಳ್ಳಿ ಎಂದು ರೈತನಿಗೆ ಉಪದೇಶಿಸುವ ಹಕ್ಕು ಯಾರಿಗೂ ಇಲ್ಲ. ಟ್ರ್ಯಾಕ್ಟರ್ ಅವನ ಬೆನ್ನಿನ ಭಾರ ಇಳಿಸಿದೆ. ಆದರೆ ಹೋಗುವ ಮುನ್ನ ಅಳೆದಿಟ್ಟುಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ. ಒಂದು ಟೇಪು, ಒಂದು ನೋಟುಪುಸ್ತಕ, ಎರಡು ಭಾನುವಾರ ಸಾಕು. ನಮ್ಮ ಪ್ರೌಢಶಾಲೆಗಳಲ್ಲಿ ಅನುಪಾತದ ಪಾಠವನ್ನು ಕರಿಹಲಗೆಯ ಮೇಲೆ ಮುಗಿಸುವ ಬದಲು, ಊರಿನ ಒಂದು ಹಳೆಯ ಗಾಡಿಯನ್ನು 1:10ಕ್ಕೆ ಇಳಿಸಿ ರಟ್ಟಿನಲ್ಲಿ ಕಟ್ಟಿಸಿದರೆ ಮಕ್ಕಳಿಗೆ ಗಣಿತವೂ ದಕ್ಕೀತು, ಊರೂ ದಕ್ಕೀತು.

ಹಳೆಯದನ್ನು ನೆನೆದು ಕಣ್ಣೀರು ಸುರಿಸುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಗಾಲಿಗೆ ಎಷ್ಟು ಅರಗಳಿದ್ದವು ಎಂದು ಕೇಳಿದರೆ ಮಾತ್ರ ಉತ್ತರ ಬರುವುದಿಲ್ಲ.